ಪೂಜೆ ಆದ ಮೆಷಿನ್ ಮುಟ್ಬಾರ್ದು

ಏಯ್ ವರ್ಷಿಣಿ, ಏನೇ ಇದು! ಕೈ ತೆಗಿ, ಕೈ ತೆಗಿ ಕೀಬೋರ್ಡ್ ಮೇಲಿಂದ! ಈಗ ತಾನೆ ಮಂಗಳಾರತಿ ಆಗಿದೆ, ಕುಂಕುಮ ಇನ್ನೂ ಹಸಿ ಇದೆ, ಬಾಗ್ಲಲ್ಲಿ ಒಡೆದ ಬೂದುಗುಂಬಳ ಹಂಗೇ ಬಿದ್ದಿದೆ... ನೀನು ಆಗ್ಲೇ ಸರ್ವರ್ ಮುಂದೆ ಕೂತ್ಬುಟ್ಯಲ್ಲ! ಆಯುಧಪೂಜೆ ದಿನ ಪೂಜೆ ಆದ ಮೆಷಿನ್ ಮುಟ್ಬಾರ್ದು ಕಣೆ. ನಾಳೆ ವಿಜಯದಶಮಿ ಬೆಳಿಗ್ಗೆ ಆಗ್ಲಿ, ಆಮೇಲೆ ಎಷ್ಟ್ ಬೇಕಾದ್ರೂ ಕುಟ್ಟು. ನಿಮ್ಮನೇಲಿ ನೇಗಿಲು, ಕುಡುಗೋಲು ಇಟ್ಟು ಪೂಜೆ ಮಾಡಲ್ವಾ? ಮಾಡಿದ್ ಮೇಲೆ ನಿಮ್ಮಪ್ಪ ಬಸವರಾಜಣ್ಣ ಅದನ್ನೇ ಎತ್ಕೊಂಡು ಅವತ್ತೇ ಗದ್ದೆಗೆ ಹೋಗ್ತಾರಾ?

ಯಾಕೆ ನಗ್ತೀಯ? ಓ... ಸರ್ವರ್ ಆಫೇ ಮಾಡಿಲ್ಲ, ಅದಕ್ಕೆ ದೋಷ ಇಲ್ಲ ಅಂತಾನಾ? ಸರಿ ಬಿಡಮ್ಮ, ನಿನ್ನ ಶಾಸ್ತ್ರ ನಿಂಗೆ. ನಗು, ನಗು. ನೀನು ಹಿಂಗೆ ನಗ್ತೀಯ ಅಂತ್ಲೇ ಸಂಜೆ ಬ್ಯಾಚ್‌ನೋರೆಲ್ಲ ನಿನ್ನ ಲ್ಯಾಬ್‌ಗೆ ನುಗ್ಗೋದು. ನನ್ನ ಕ್ಲಾಸಲ್ಲಿ ಫ್ಯಾನ್ ಸದ್ದು ಕೇಳ್ತಾ ಇರುತ್ತೆ, ಅಷ್ಟೇ.

ತಮಾಷೆಗೆ ಅಂದೆ ಕಣೆ. ಮುಖ ಸಪ್ಪಗ್ ಮಾಡ್ಕೋಬೇಡ.

ನೋಡು, ಎಲ್ಲರೂ ಕಡ್ಲೆಪುರಿ ಪೊಟ್ಟಣ ಕಟ್ಕೊಂಡು ಹೊರಟ್ಹೋದ್ರು. ವಿಶ್ವನಾಥ್ ಸರ್ ಇನ್ಸ್ಟಿಟ್ಯೂಟ್ ಬೀಗದಕೈ ನಂಗೆ ಕೊಟ್ಟು ಮಠಕ್ಕೆ ಹೋದ್ರು, ನಾಳೆ ಸ್ವಾಮಿಗಳು, ನಮ್ಮ ಬುದ್ಧಿಯೋರು, ಎಷ್ಟ್ ಹೊತ್ತಿಗೆ ದಯಮಾಡಿಸ್ತಾರೆ ಅಂತ ಕೇಳ್ಕೊಂಡ್ ಬರೋಕೆ. ಬೆಳಿಗ್ಗೆ ಬೆಳಿಗ್ಗೆನೇ ಬರ್ಬೇಕು ಅವರು, ಆಮೇಲೆ ಜಂಬೂಸವಾರಿ ಅಂತ ಸಯ್ಯಾಜಿರಾವ್ ರೋಡ್ ಬಂದ್. ಈ ದೇವರಾಜ ಮೊಹಲ್ಲಾದೊಳಕ್ಕೆ ಒಂದು ಸೈಕಲ್ ಬರೋಕಾಗಲ್ಲ. ನಾವಿಬ್ರೇ ಏನ್ ಮಾಡ್ಬೇಕು ಇಲ್ಲಿ? ಏಳು, ಬಾಗ್ಲು ಹಾಕೋಣ. ಅರಮನೆ ಮುಂದೆ ದೀಪ ನೋಡ್ಕೊಂಡು, ಚುರುಮುರಿ ತಿನ್ಕೊಂಡು ಹೋಗೋಣ. ನಾನೇ ಕೊಡಿಸ್ತೀನಿ.

ಬೇಡ್ವಾ? ಇವತ್ತೇ ಕಂಡ್‌ಹಿಡೀಬೇಕಾ?

ಅಲ್ಲ ಕಣೆ, ನಿನ್ನ ಕಷ್ಟ ನಂಗೆ ಅರ್ಥ ಆಗಲ್ವಾ? ನಿನ್ನ ಆ ಆನ್‌ಲೈನ್ ಟೆಸ್ಟು... ಮೇಷ್ಟ್ರು ಬೇಡ, ಪೇಪರ್ ಬೇಡ, ಹುಡುಗ್ರು ಕೂತು ಒತ್ತಿದ್ರೆ ಮಾರ್ಕ್ಸ್ ತಾನೇ ಬರುತ್ತೆ. ನಾಳೆ ಬುದ್ಧಿಯೋರ ಕೈಯಲ್ಲೇ ಅದನ್ನ ಶುರು ಮಾಡಿಸ್ಬೇಕು ಅಂತ ಸರ್‌ಗೆ ಆಸೆ. ಅದು ನಡೆದ್ರೆ ಅಲ್ಲೇ, ಬುದ್ಧಿಯೋರ ಮುಂದೇನೇ, ಸಿದ್ಧಾರ್ಥನಗರದ ಹೊಸ ಬ್ರಾಂಚ್‌ಗೆ ನೀನೇ ಹೆಡ್ಡು. ನಡೀದೇ ಇದ್ರೆ... ಸೀನಿಯಾರಿಟಿ ಪ್ರಕಾರ ನಾನು. ಸರ್ ಇಬ್ರಿಗೂ ಹೇಳಿದ್ದಾರಲ್ಲ, ಮುಚ್ಚುಮರೆ ಏನಿದೆ. ಎರಡು ವಾರದಿಂದ ದಿನಾ ಬೆಳಿಗ್ಗೆ ಅದು ಏಳ್ತಾನೇ ಇಲ್ಲ. ಪೋರ್ಟ್ ಬೇರೆಯೋರ ಹತ್ರ ಇದೆ ಅಂತ ಒಂದು ಗೆರೆ ಬರುತ್ತೆ, ಅಲ್ಲಿಗೆ ಮುಗೀತು. ನೀನು ಕಣ್ಣಲ್ಲಿ ನೀರು ತುಂಬ್ಕೊಂಡು ಓಡಾಡ್ತೀಯ. ನನಗೆ ಕರುಳು ಚುರ್ ಅನ್ನುತ್ತೆ ಕಣಮ್ಮ. ನಿಜವಾಗ್ಲೂ.

ಯಾಕೆ ಹಂಗ್ ನೋಡ್ತೀಯ? ನಿಜವಾಗ್ಲೂ ಅಂದ್ನಲ್ಲ.

ನಾನ್ ಹೇಳೋದು ಕೇಳು, ನಿನ್ನ ಅಕ್ಕ ಅನ್ಕೋ. ಸರ್‌ಗೆ ಈಗ್ಲೇ ಫೋನ್ ಮಾಡಿ, ಇದು ಇನ್ನೂ ತಯಾರಾಗಿಲ್ಲ ಸರ್, ಮುಂದಿನ ವರ್ಷ ತೋರ್ಸೋಣ ಅನ್ನು. ಮರ್ಯಾದೆ ಉಳಿಯುತ್ತೆ. ನಿನಗೆ ವಯಸ್ಸೇನು ಹೋಗಿದೆ? ಬ್ರಾಂಚ್ ಎಲ್ಲಿ ಓಡ್ಹೋಗುತ್ತೆ? ಬುದ್ಧಿಯೋರ ಮುಂದೆ, ಅಷ್ಟು ಜನ ಭಕ್ತರ ಮುಂದೆ, ಅವರು ಮೌಸ್ ಹಿಡ್ಕೊಂಡು ಕೂತಾಗ ಬರೀ ಬಿಳಿ ಪರದೆ ಬಂದ್ರೆ... ಶಿವಾ ಶಿವಾ! ನಾನಾಗಿದ್ರೆ ಭೂಮಿ ಬಾಯ್ ಬಿಡ್ಲಿ ಅಂತಿದ್ದೆ.

ಕಿವಿಗೇ ಹಾಕ್ಕೊಳ್ತಿಲ್ವಲ್ಲ! ಏನದು ಕರೀ ಪರದೆ ತೆಗ್ದೆ? ನೆಟ್‌ಸ್ಟ್ಯಾಟಾ? ಓಹೋ... ಅಡ್ಡಗೆರೆ, ಎ, ಎನ್, ಓ. ಯಾವ ಪೋರ್ಟಲ್ಲಿ ಯಾರಿದ್ದಾರೆ, ಯಾವ ಮೆಷಿನ್ ಜೊತೆ ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತಾ ಅದರಿಂದ? ನಾನು ಡಾಸ್ ಕಾಲದೋಳಮ್ಮ, ವರ್ಡ್‌ಸ್ಟಾರ್ ಹೇಳ್ಕೊಡ್ತಿದ್ದೋಳು. ಈ ಪೋರ್ಟ್ ಅನ್ನೋ ಬಾಗಿಲು, ಆ ನಂಬರ್ರು, ಎಂಬತ್ತನೇ ಬಾಗಿಲಲ್ಲಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ನಿಲ್ಬೋದು, ಯಾವುದೋ ಮೊದ್ಲೇ ಬಂದು ನಿಂತ್ರೆ ನಿನ್ನ ಟೆಸ್ಟ್‌ಗೆ ಜಾಗ ಇಲ್ಲ... ಇದೆಲ್ಲ ನಂಗೇನ್ ಗೊತ್ತು?

ಆಂ? ಗೊತ್ತಿಲ್ಲ ಅಂದು ಇಷ್ಟು ಹೇಳಿದ್ನಾ? ಅದು... ನೀನೇ ಕ್ಲಾಸಲ್ಲಿ ಹೇಳ್ತಿದ್ಯಲ್ಲ, ಮನೆ ಬಾಗಿಲಿನ ಲೆಕ್ಕದಲ್ಲಿ ವಿವರ್ಸಿ. ಪಾರ್ಟಿಷನ್ ಆಚೆ ಕೂತ್ಕೊಂಡು ಕೇಳಿಸ್ಕೊಂಡೆ. ಚೆನ್ನಾಗ್ ಹೇಳ್ತೀಯ. ಹುಡುಗ್ರು ನಕ್ಕಿದ್ದೂ ಕೇಳಿಸ್ತು. ಆಮೇಲೆ ಒಬ್ಬ, "ಮಂಗಳಾ ಆಂಟಿ ಇದನ್ನೇ ಒಂದು ವಾರ ಹೇಳಿ ನಿದ್ದೆ ಬರಿಸ್ತಿದ್ರು" ಅಂದ. ಅದೂ ಕೇಳಿಸ್ತು. ನೀನು ಗದರಿಸಿದೆ, ಹಂಗೆಲ್ಲ ಅನ್ಬಾರ್ದು ಅಂತ. ಗದರಿಸೋಕ್ ಮುಂಚೆ ಒಂದು ಚೂರು ನಕ್ಕೆ. ಅದೂ ಕೇಳಿಸ್ತು ಕಣೆ.

ಬಿಡು, ಮಕ್ಕಳಲ್ವಾ. ಆಂಟಿ ಅಂದ್ರೆ ಆಂಟಿ. ನಿನಗೆ ಮಿಸ್ಸು, ನನಗೆ ಆಂಟಿ.

ಹೂಂ, ಏನ್ ಬಂತು? ಎಂಬತ್ತರಲ್ಲಿ ಒಂದು ನಂಬರ್ ತೋರಿಸ್ತಿದೆ... ಆ ನಂಬರಿನ ಪ್ರೋಗ್ರಾಂ ಯಾವುದು ಅಂತ ಟಾಸ್ಕ್ ಮ್ಯಾನೇಜರಲ್ಲಿ ನೋಡ್ತೀಯಾ? ನೋಡು, ನೋಡು... ಇನೆಟ್‌ಇನ್ಫೋ! ಅಯ್ಯೋ, ಅದು ವಿಂಡೋಸಿನದೇ ಕಣೆ! ವಿಂಡೋಸ್ ಜೊತೇಲೇ ಬರೋ ವೆಬ್ ಸರ್ವರ್ರು. ನೋಡ್ದ್ಯಾ, ಯಾರ ತಪ್ಪೂ ಅಲ್ಲ. ಅದರ ಪಾಡಿಗೆ ಅದು ಎದ್ದು ಕೂತ್ಕೊಳುತ್ತೆ. ಸುಮ್ನೆ ಯಾರ್ ಯಾರ ಮೇಲೋ ಅನುಮಾನ ಪಟ್ಟೆಯೇನೋ. ಯಾರ್ ಮೇಲೂ ಪಡ್ಲಿಲ್ವಾ? ಸರಿ, ಒಳ್ಳೇದು.

ಅದು ತಾನಾಗಿ ಏಳ್ಬಾರ್ದು ಅಂತ ನೀನು ಆಗ್ಲೇ ನಿಲ್ಲಿಸಿ ಇಟ್ಟಿದ್ಯಾ? ಯಾವಾಗ? ಮೊದಲನೇ ದಿನಾನೇ? ಆಮೇಲೂ ದಿನಾ ನಿಲ್ಲಿಸ್ತಿದ್ಯಾ? ...ಮರೆತಿರ್ತೀಯ ಕಣೆ. ಕೆಲಸದ ಗಡಿಬಿಡೀಲಿ ಆಗುತ್ತೆ.

ಏನು, ಬೇರೆ ಬಾಗಿಲಿಗೆ ಹಾಕ್ಬೋದಿತ್ತು ಅಂತೀಯಾ? ಹಾಕ್ಬೋದಿತ್ತು. ಎಲ್ಲಾ ಮೆಷಿನಲ್ಲೂ ವಿಳಾಸ ಬದಲಾಯಿಸ್ಬೇಕು, ಹುಡುಗ್ರಿಗೆ ಗೊಂದಲ ಆಗುತ್ತೆ ಅಂತ ಸರ್ ಬೇಡ ಅಂದ್ಬುಟ್ರು. ಹೌದು, ಸರ್‌ಗೆ ಹಂಗೆ ಹೇಳಿದ್ದು ನಾನೇ. ಕೇಳಿದ್ರು, ಹೇಳಿದೆ. ನನ್ನನ್ನ ಕೇಳೋದೇ ಈಗೀಗ ಅಪರೂಪ, ಕೇಳಿದಾಗ ಹೇಳ್ಬಾರ್ದಾ?

ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಇವತ್ತು ಪೂಜೆಗೆ ಸರ್ ನಿನ್ನನ್ನ ಕರೆದ್ರಲ್ಲ, "ಈ ವರ್ಷ ನೀನೇ ವಿಭೂತಿ ಇಡಮ್ಮ ವರ್ಷಿಣಿ" ಅಂತ... ನೀನು ಒಂದು ಸಲ ನನ್ನ ಕಡೆ ತಿರುಗಿ, ಮೇಡಂ ನೀವೇ ಮಾಡಿ ಅನ್ಬೋದಿತ್ತಲ್ವಾ? ಅಂದ್ಯಾ? ನಂಗ್ ಕೇಳಿಸ್ಲಿಲ್ವಲ್ಲ. ಈ ಇನ್ಸ್ಟಿಟ್ಯೂಟ್ ಬಾಗ್ಲು ತೆಗೆದಾಗಿಂದ ಆ ವಿಭೂತಿ ತಟ್ಟೆ ನನ್ನ ಕೈಯಲ್ಲಿತ್ತು ಕಣೆ. ಕಲರ್ ಮಾನಿಟರ್ ಮೊದಲ್ನೇ ಸಲ ಬಂದಾಗ ಅದಕ್ಕೆ ವಿಭೂತಿ ಎಳೆದದ್ದು ನಾನು. ಈ ಮೆಷಿನ್‌ಗಳಿಗೆಲ್ಲ ತಂತಿ ಎಳೆಸಿ, ಒಂದರಿಂದ ಇಪ್ಪತ್ತರವರೆಗೂ ನಂಬರ್ ಕೊಟ್ಟು, ಚೀಟಿ ಅಂಟಿಸಿದ್ದು ನಾನು. ನೀನಿನ್ನೂ ಲಂಗ ಹಾಕ್ಕೊಂಡು ಹೈಸ್ಕೂಲಿಗೆ ಹೋಗ್ತಿದ್ದೆ ಆಗ. ಇವತ್ತು ನಾನು ಪಕ್ಕದಲ್ಲಿ ನಿಂತ್ಕೊಂಡು ಗಂಟೆ ಬಾರಿಸ್ದೆ. ಗಂಟೆ! ನನ್ನ ತಾಯಿ ಪುಟ್ಟಬಸಮ್ಮನೋರೂ ಬಂದಿದ್ರು ಪೂಜೆಗೆ. ಮಠದ ಹೆಂಗಸ್ರಿಗೆಲ್ಲ, ಸಿದ್ಧಾರ್ಥನಗರದಲ್ಲಿ ನಮ್ಮ ಮಗಳೇ ಇನ್ಮೇಲೆ ದೊಡ್ಡ ಮೇಡಂ ಅಂತ ಹೇಳ್ಕೊಂಡ್ ಬಂದ್ಬುಟ್ಟವ್ರೆ. ನಿನ್ನ ಕೈಯಲ್ಲಿ ತಟ್ಟೆ ನೋಡಿ ನನ್ನ ಮುಖ ನೋಡಿದ್ರು. ಏನ್ ಹೇಳ್ಲಿ ನಾನು ಅವರಿಗೆ?

ಅದಕ್ಕೇ ನನ್ನ ಟೇಬಲ್ ನಾನೇ ಮಾಡ್ಕೋತೀನಿ ಅಂದಿದ್ದು. ನೀನು ಒಂದೊಂದೇ ಮೆಷಿನ್ ಆಫ್ ಮಾಡಿ, ಕಣ್ಣಿಗೊತ್ಕೊಂಡು, ವಿಭೂತಿ ಇಟ್ಕೊಂಡು ಬರ್ತಿದ್ದೆ, ಎಷ್ಟ್ ಭಕ್ತಿ! ನನ್ನ ಟೇಬಲ್ ಹತ್ರ ಬಂದಾಗ, ಬೇಡಮ್ಮ, ಇದೊಂದನ್ನಾದ್ರೂ ನಂಗೆ ಬಿಡು ಅಂದೆ. ನೀನು ಪೆಚ್ಚಾದೆ. ಆಗ್ಬೇಕಾದ್ದೇ.

ಏನ್ ಮಾಡ್ದೆ ಈಗ? ಇನೆಟ್‌ಇನ್ಫೋ ನಿಲ್ಲಿಸಿದ್ಯಾ? ನಿಂತ್ಹೋಯ್ತಾ? ಹಂಗಾದ್ರೆ ಮುಗೀತಲ್ಲ! ಸಂತೋಷ. ಏಳು, ಏಳು, ಹೊರಡೋಣ. ಟೆಸ್ಟ್ ಬೆಳಿಗ್ಗೆ ಹಾಕ್ಕೊಳೋಣ. ಈಗ್ಲೇ ಹಾಕಿ ನೋಡ್ಬೇಕಾ? ಬೇಡ ಕಣೆ, ಶುಭ ಕೆಲಸ ವಿಜಯದಶಮಿ ದಿನ ಮಾಡ್ಬೇಕು. ಇವತ್ತು ಯಾಕೆ, ಒಂದು ಐದ್ನಿಮಿಷ ನನ್ನ ಜೊತೆ ಮಾತಾಡು. ನಿಮ್ಮಪ್ಪ ಹೆಂಗಿದ್ದಾರೆ? ಹೋದ ತಿಂಗಳು ಬಂದಾಗ ತೆಂಗಿನಕಾಯಿ ಕೊಟ್ಟು ಹೋದ್ರು, ನಂಗೂ ಎರಡು ಕೊಟ್ರು, ಒಳ್ಳೆ ಮನುಷ್ಯ. "ನನ್ನ ಮಗಳಿಗೆ ನೀವೇ ಗುರುಗಳು ತಾಯಿ" ಅಂದ್ರು. ನೀನೇ ಹಂಗೆ ಹೇಳಿದ್ಯಂತಲ್ಲ ಅವರಿಗೆ. ಯಾಕ್ ಹೇಳ್ದೆ? ಹಂಗೆಲ್ಲ ಹೇಳ್ಬಾರ್ದು ಕಣೆ ನೀನು. ನಂಗೆ...

ಮತ್ತೆ ಬಂತಾ?

ಏನು... ಅದೇ ಎಂಬತ್ತರಲ್ಲೇ? ಈಗ ತಾನೆ ನಿಲ್ಲಿಸಿದ್ಯಲ್ಲ. ಹೌದಾ... ವಿಚಿತ್ರ ಅಲ್ವಾ. ನೋಡು, ನಾನಿಲ್ಲೇ ನಿನ್ನ ಪಕ್ಕದಲ್ಲಿ ಕೈ ಕಟ್ಕೊಂಡು ಕೂತಿದ್ದೀನಿ. ನಾನು ಏನೂ ಮುಟ್ಟಿಲ್ಲ, ಸಾಕ್ಷಿ ನೀನೇ. ಕಟ್ಟಡದಲ್ಲಿ ನಾವಿಬ್ರು ಬಿಟ್ರೆ ಒಂದು ನರಪಿಳ್ಳೆ ಇಲ್ಲ. ಅದು ವೈರಸ್ಸೇ ಇರ್ಬೇಕು. ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕಾಗುತ್ತೆ, ಒಂದು ವಾರದ ಕೆಲಸ.

ಇನ್ನೊಂದ್ಸಲ ನೆಟ್‌ಸ್ಟ್ಯಾಟ್ ಯಾಕೆ? ಈಗ ನೋಡಿದ್ಯಲ್ಲ. ಆಗ ಎಂಬತ್ತನ್ನ ಮಾತ್ರ ನೋಡಿದ್ಯಾ? ಕೆಳಗೆ ಇನ್ನೇನಿದೆ... ಬೇರೆ ಮೆಷಿನ್‌ಗಳಿಂದ ಬಂದಿರೋ ಲೈನುಗಳಾ? ಬಿಡು, ದಿನಾ ಅದು ಒಂದು ಗದ್ದಲ, ಇಪ್ಪತ್ತು ಮೆಷಿನ್‌ದೂ ಸಂತೆ ಥರ ಒಂದರ ಮೇಲೊಂದು ಬರುತ್ತೆ. ಅದರಲ್ಲಿ ಯಾರು ಏನು ಅಂತ ಯಾರ್ ಹುಡುಕೋಕಾಗುತ್ತೆ... ಏನಂದೆ?

ಇವತ್ತು ಎಲ್ಲಾ ಆಫು.

ಹೌದಲ್ಲ. ಇವತ್ತು ಎಲ್ಲಾ ಆಫು.

ಎಷ್ಟಿದೆ? ಒಂದೇನಾ? ...ಒಂದೇ ಒಂದು ಲೈನಾ?

ಓದೇ. ಕೊನೇ ನಂಬರ್, ಅದೇ ಮೆಷಿನ್ ನಂಬರ್ರು, ಏನಿದೆ ಓದು, ನನ್ನ ಕನ್ನಡಕ ಬ್ಯಾಗಲ್ಲಿದೆ. ವರ್ಷಿಣಿ... ಆ ಕಡೆ ಯಾಕೆ ತಿರುಗ್ತಾ ಇದೀಯ? ಅಲ್ಲೇನಿದೆ? ಅದು ನನ್ನ ಟೇಬಲ್ಲು. ಆಫ್ ಆಗಿದೆಯಲ್ಲ, ಕಾಣಲ್ವಾ? ಪರದೆ ಕಪ್ಪಗಿದೆ, ಮೇಲೆ ವಿಭೂತಿ ಇದೆ, ಸೇವಂತಿಗೆ ಹಾರ ಇದೆ... ಗುಂಯ್ ಅಂತಿರೋದು ಯುಪಿಎಸ್ಸು. ಯುಪಿಎಸ್ ಹಂಗೇ ಸದ್ದು ಮಾಡೋದು ಕಣೆ.

ಏಳ್ಬೇಡ. ಅಲ್ಲಿಗೆ ಹೋಗ್ಬೇಡ, ಪೂಜೆ ಆಗಿರೋದು, ಮುಟ್ಬಾ...

ನೀನು ಎದ್ದೇ ಇಲ್ಲ. ಕೂತೇ ಇದ್ದೀಯ.

ಹಂಗ್ ನೋಡ್ಬೇಡ್ವೇ. ಏನಾದ್ರೂ ಅನ್ನು. ಕಳ್ಳಿ ಅನ್ನು, ಕೂಗಾಡು, ಸರ್‌ಗೆ ಫೋನ್ ಮಾಡು.

ಮಾನಿಟರ್ ಮಾತ್ರ ಆಫ್ ಮಾಡ್ದೆ. ಮಾನಿಟರ್‌ಗೇ ತಾನೆ ಎಲ್ಲರೂ ಹಾರ ಹಾಕೋದು, ವಿಭೂತಿ ಇಡೋದು? ಕೆಳಗಿನ ಡಬ್ಬಾನ ಯಾರ್ ನೋಡ್ತಾರೆ? ಆಫ್ ಮಾಡೋ ಹಾಗಿರ್ಲಿಲ್ಲ. ನಾಳೆ ನಾನು ಬುದ್ಧಿಯೋರಿಗೆ ಪಾದಪೂಜೆ ತಟ್ಟೆ ಹಿಡ್ಕೊಂಡು ನಿಂತಿರ್ತೀನಿ, ನನ್ನ ಸೀಟಲ್ಲಿ ಕೂತ್ಕೊಳೋಕಾಗಲ್ಲ. ಅದಕ್ಕೇ ತಾನಾಗೇ ಓಡೋ ಒಂದು ಬ್ಯಾಚ್ ಫೈಲ್ ಬರೆದಿಟ್ಟೆ, ಡಾಸ್ ಕಾಲದ ವಿದ್ಯೆ. ಐದೈದ್ ನಿಮಿಷಕ್ಕೂ ಅಲ್ಲಿಂದಾನೇ ಈ ಸರ್ವರಲ್ಲಿ ಆ ಇನೆಟ್‌ಇನ್ಫೋನ ಎಬ್ಬಿಸುತ್ತೆ. ನೀನು ಎಷ್ಟು ಸಲ ನಿಲ್ಲಿಸಿದ್ರೂ ಎಬ್ಬಿಸುತ್ತೆ. ಇಷ್ಟು ದಿನ ಬೇಗ ಬಂದು, ಆಮೇಲೂ ನೀನು ನಿಲ್ಲಿಸಿದಾಗೆಲ್ಲ, ನನ್ನ ಸೀಟಿಂದ ಕೈಯಾರೆ ಎಬ್ಬಿಸ್ತಿದ್ದೆ.

ಯಾಕೆ ಅಂತ ಕೇಳು. ಕೇಳೇ! ಬ್ರಾಂಚ್‌ಗೋಸ್ಕರ ಅನ್ಕೊಂಡ್ಯಾ? ನಾನೂ ಹಂಗೇ ಅನ್ಕೊಂಡಿದ್ದೆ. ಮೊದಲ್ನೇ ದಿನ ಅದು ಓಡ್ತಿತ್ತಲ್ಲ, ನೀನು ಊಟಕ್ಕೆ ಹೋದಾಗ ನಾನೂ ಕೂತು ಟೆಸ್ಟ್ ತಗೊಂಡೆ. ತಪ್ಪು ಉತ್ತರ ಒತ್ತಿದ್ರೆ ಬೈಯಲ್ಲ ಅದು. ಇನ್ನೊಂದ್ಸಲ ಯೋಚನೆ ಮಾಡಿ ಅನ್ನುತ್ತೆ, ಸುಳಿವು ಕೊಡುತ್ತೆ. ಇಷ್ಟ್ ವರ್ಷ ನಾನು ಮಕ್ಕಳಿಗೆ ಹಂಗೆ ಹೇಳ್ಬೇಕು ಹೇಳ್ಬೇಕು ಅನ್ಕೊಂಡು ಬೈದೇ ಕಳಿಸಿದ್ದೀನಿ. ಅದು ಕೆಟ್ಟದಾಗಿದ್ದಿದ್ರೆ ನಾನ್ಯಾಕ್ ನಿಲ್ಲಿಸ್ತಿದ್ದೆ? ತಾನೇ ಬಿದ್ಹೋಗ್ಲಿ ಅಂತ ನೋಡ್ಕೊಂಡ್ ಕೂತಿರ್ತಿದ್ದೆ. ಚೆನ್ನಾಗಿತ್ತು ಕಣೆ. ಅದೇ ತಡ್ಕೊಳೋಕಾಗ್ಲಿಲ್ಲ.

ಸರ್‌ಗೆ ಹೇಳ್ತೀಯಾ?

ಬರೀ ಆ ಟೇಬಲ್ ಕಡೆ ನೋಡ್ತೀಯ, ನನ್ನ ಕಡೆ ನೋಡ್ತೀಯ. ಏನು... ನಾನೇ ಹೋಗಿ ನಿಲ್ಲಿಸ್ಬೇಕಾ? ಇವತ್ತಾ? ಪೂಜೆ ಆದ... ಸರಿ. ಸರಿ, ನೋಡ್ಬೇಡ ಹಂಗೆ, ಹೋಗ್ತೀನಿ. ನೀನು ಮುಟ್ಬೇಡ, ನಾನೇ ಮುಟ್ತೀನಿ, ದೋಷ ನಂಗೇ ಬರ್ಲಿ.

ಇರು, ಹಾರ ಸರಿಸ್ತೀನಿ. ಸ್ವಿಚ್ಚು... ಬಂತು. ನೋಡು, ಓಡ್ತಾನೇ ಇದೆ. ಮೊದ್ಲು ಇದನ್ನ ಕ್ಲೋಸ್ ಮಾಡ್ದೆ. ಇನ್ನು ಆ ಫೈಲು... ಅಳಿಸ್ದೆ. ರಿಸೈಕಲ್ ಬಿನ್ನೂ ಖಾಲಿ ಮಾಡ್ದೆ, ಬಂದ್ ನೋಡ್ಬೇಕಾ? ಬೇಡ್ವಾ. ಈಗ ಅಲ್ಲಿ ಇನೆಟ್‌ಇನ್ಫೋ ನಿಲ್ಲಿಸು. ನಿಲ್ಲಿಸಿದ್ಯಾ? ಹೂಂ. ಹಾಕು ನಿನ್ನ ಟೆಸ್ಟು. ನಾನು ಇಲ್ಲಿಂದಾನೇ ತೆಗೀತೀನಿ, ಇನ್ನೊಂದು ಮೆಷಿನಲ್ಲಿ ಬರುತ್ತೋ ಇಲ್ವೋ ಗೊತ್ತಾಗ್ಬೇಕಲ್ಲ.

ಬಂತು.

ಬಂತು ಕಣೆ. ಎಷ್ಟ್ ಬೇಗ ಬಂತು! ಬಣ್ಣ ಬೇರೆ ಬದಲಾಯಿಸಿದ್ದೀಯ, ಕನ್ನಡದಲ್ಲಿ ಸ್ವಾಗತ ಅಂತ ಬೇರೆ ಬರುತ್ತೆ... ಯಾವಾಗ ಮಾಡ್ದೆ ಇದನ್ನ? ಇದು ನಡೀದೇ ಇದ್ದ ದಿನಗಳಲ್ಲಾ? ನಾನು ದಿನಾ ನಿಲ್ಲಿಸ್ತಿದ್ದಾಗ, ನೀನು ಕೂತ್ಕೊಂಡು ಇದನ್ನ ಇನ್ನೂ ಚೆನ್ನಾಗ್ ಮಾಡ್ತಿದ್ಯಾ?

ಬುದ್ಧಿಯೋರು ಖುಷಿ ಪಡ್ತಾರೆ ನಾಳೆ. ಎಲ್ಲರೂ ಖುಷಿ ಪಡ್ತಾರೆ. ನಾನೂ ಪಡ್ಬೇಕು.

ಆಗ್ತಿಲ್ಲ ಕಣೆ ವರ್ಷಿಣಿ. ಈಗ್ಲೂ, ಇಷ್ಟೆಲ್ಲಾ ಆದ್ಮೇಲೂ, ಹೊಟ್ಟೆ ಉರೀತಾನೇ ಇದೆ.